ಮನೆಗೊಂದು ಹಾಳು

ಮನೆಗೆ ಬಂದ ಲಗ್ನಪತ್ರಿಕೆಯಲ್ಲಿ ತಪ್ಪು ಹುಡುಕುವ ಅಭ್ಯಾಸ ನಿಮ್ಮ ಮನೆಯಲ್ಲಿ ಯಾರಿಗಾದರೂ ಇದೆಯೇ? ನಮ್ಮ ಮನೆಯಲ್ಲಿ ಇತ್ತು. ಮೂಲೆಗೆ ಅರಿಶಿನ ಹಚ್ಚಿದ ಪತ್ರಿಕೆ ಕೈಗೆ ಬಂದರೆ ಬೇರೆಯವರು ಹುಡುಗಿ ಯಾವ ಊರು, ಛತ್ರ ಎಲ್ಲಿ ಎಂದು ನೋಡುತ್ತಾರೆ. ನನ್ನ ಹೆಂಡತಿ ಕೆಂಪು ಪೆನ್ನು ಹುಡುಕುತ್ತಿದ್ದಳು. 'ಆರ್ಶೀವಾದ' ಎಂದಿದ್ದರೆ ಒಂದು ಸುತ್ತು, 'ಮೂಹೂರ್ತ' ಎಂದಿದ್ದರೆ ಇನ್ನೊಂದು ಸುತ್ತು. ಸುತ್ತು ಹಾಕಿದ ಪತ್ರಿಕೆಯನ್ನು ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸುತ್ತಿದ್ದಳು. ಮದುವೆಗೆ ಹೋದಾಗ ಹುಡುಗಿಯ ತಂದೆಗೆ ಎಲ್ಲಿ ಹೇಳಿಬಿಡುತ್ತಾಳೋ ಎಂದು ನನಗೆ ಎಲೆ ಎತ್ತುವ ತನಕ ದಿಗಿಲು. ಒಂದು ಸಲವೂ ಹೇಳಲಿಲ್ಲ. ತಿದ್ದುವುದು ಅವಳ ಸಮಾಧಾನಕ್ಕೆ ಅಷ್ಟೇ, ಬೆಕ್ಕು ಮೈ ನೆಕ್ಕಿಕೊಳ್ಳುವ ಹಾಗೆ.

ಈಚೆಗೆ ಒಂದು ಪತ್ರಿಕೆ ಬಂತು. ಅರಕಲಗೂಡು ಕಡೆಯ ಅವಳ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಂಚೆಯಲ್ಲಿ ಕಳಿಸಿದ್ದು. ಮೇಲೆ 'ಶ್ರೀಮತಿ ಹೇಮಾವತಿ ಟೀಚರ್ ಮತ್ತು ಕುಟುಂಬದವರಿಗೆ' ಎಂದು ಮುದ್ದಾಗಿ ಬರೆದಿತ್ತು. ಆ ಹುಡುಗಿಗೆ ವಿಷಯ ತಿಳಿದಿಲ್ಲ. ಹೇಮಾವತಿ ಕಾರ್ತೀಕದಲ್ಲೇ ಹೋದಳು. ಕುಟುಂಬದವರು ಎಂದರೆ ಈಗ ನಾನೊಬ್ಬನೇ. ಪತ್ರಿಕೆಯನ್ನು ಬಾಗಿಲ ಬೆಳಕಿಗೆ ಹಿಡಿದು ಅಕ್ಷರ ಅಕ್ಷರವಾಗಿ ಎರಡು ಸಲ ಓದಿದೆ. ತಪ್ಪೇ ಇರಲಿಲ್ಲ. ಇದ್ದಿದ್ದರೂ ನನ್ನ ಕಣ್ಣಿಗೆ ಬೀಳುತ್ತಿತ್ತೋ ಇಲ್ಲವೋ. ಆದರೂ ಒಂದಾದರೂ ತಪ್ಪು ಇರಬಾರದಿತ್ತೇ ಎನ್ನಿಸಿತು.

ಪತ್ರಿಕೆ ಸಿಕ್ಕಿಸಲು ಎದ್ದಾಗ ಕ್ಯಾಲೆಂಡರಿನಲ್ಲಿ ಕಂಡಿದ್ದು ಸೋಮವಾರಗಳು. ಶಿವರಾತ್ರಿ ಕಳೆದು ಮೂರು ಸೋಮವಾರ ಆಗಿದ್ದವು. ಪ್ರತಿ ವರ್ಷ ಶಿವರಾತ್ರಿ ಮುಗಿದ ಸೋಮವಾರದಿಂದ ಮೊದಲ ಮಳೆಯ ತನಕ ನಮ್ಮ ಊರಿನವರು ಶಾಲೆಯ ಹಿಂದಿನ ನೀರಿನ ಕಟ್ಟೆಯ ಹೂಳು ತೆಗೆಯುತ್ತಿದ್ದರು. ಅದನ್ನು ಶುರು ಮಾಡಿಸಿದವಳು ಹೇಮಾವತಿ. ಈ ವರ್ಷ ಒಬ್ಬರೂ ಗುದ್ದಲಿ ಹಿಡಿದಿಲ್ಲ. ಅವಳು ಹೋದ ಮೇಲೆ ನನಗೆ ಉಳಿದಿದ್ದ ಒಂದೇ ಚಿಂತೆ ಅದು: ಆ ಕೆಲಸವೂ ಅವಳ ಹಿಂದೆಯೇ ಹೋಗಿಬಿಡುತ್ತದೆಯೇ?

ನಾನು ಬೋರ್ಡು ಬರೆಯುವವನು. ಚನ್ನರಾಯಪಟ್ಟಣದಲ್ಲಿ ಸಣ್ಣ ಅಂಗಡಿ. ಫ್ಲೆಕ್ಸ್ ಬಂದ ಮೇಲೆ ಅಂಗಡಿ ಇನ್ನೂ ಸಣ್ಣದಾಗಿದೆ. ಈಗ ಟ್ರ್ಯಾಕ್ಟರ್ ಟ್ರೈಲರಿನ ಹಿಂದೆ ದೇವರ ಹೆಸರು, ಮನೆ ಬಾಗಿಲ ಮೇಲೆ ಯಜಮಾನರ ಹೆಸರು, ತೆಂಗಿನ ತೋಟದ ಬೇಲಿಗೆ 'ಅಪ್ಪಣೆ ಇಲ್ಲದೆ ಪ್ರವೇಶವಿಲ್ಲ', ಇಷ್ಟೇ. ಊರಲ್ಲಿ ನನ್ನನ್ನು ಬೋಲ್ಡ್ ಸಿದ್ದಣ್ಣ ಎನ್ನುತ್ತಾರೆ. ಬೋರ್ಡು ಎನ್ನಲು ನಾಲಗೆ ಹೊರಳುವುದಿಲ್ಲ, ಅದಕ್ಕೆ. ಅವರನ್ನು ಆಡಿಕೊಳ್ಳುವ ಯೋಗ್ಯತೆ ನನಗೂ ಇಲ್ಲ. ನಾನು ಹುಟ್ಟಿ ಬೆಳೆದದ್ದು ಹೊಳೆನರಸೀಪುರದ ಪಕ್ಕದ ಹಳ್ಳಿ. ನಮ್ಮ ಕಡೆ ಹಕಾರ ಬಾಯಿಗೆ ಬರುವುದಿಲ್ಲ. ಹಾಲು ಆಲು, ಹೊಳೆ ವಳೆ. ಚನ್ನರಾಯಪಟ್ಟಣದ ಬಸ್ ನಿಲ್ದಾಣದಲ್ಲಿ ಹಾಸನದ ಬಸ್ಸಿನ ಕಂಡಕ್ಟರು 'ಆಸನ ಆಸನ' ಎಂದು ಕೂಗುವುದನ್ನು ಕೇಳಿ ಹೇಮಾವತಿ, "ಇಡೀ ಜಿಲ್ಲೆಯನ್ನೇ ಕೂರಿಸಿಬಿಡ್ತಾರಲ್ರೀ" ಎನ್ನುತ್ತಿದ್ದಳು.

ಬಾಯಲ್ಲಿ ಬಾರದ ಅಕ್ಷರ ಕೈಯಲ್ಲಿ ಹೆಚ್ಚಾಗಿ ಬರುತ್ತದೆ. ಹತ್ತನೇ ತರಗತಿಯಲ್ಲಿ ನಾನು ಕನ್ನಡದಲ್ಲೇ ಫೇಲಾದೆ ಎಂದರೆ ಜನ ನಂಬುವುದಿಲ್ಲ, ಬೋರ್ಡು ಬರೆಯುವವನು ಎಂದ ಮೇಲಂತೂ. ಎಲ್ಲಿ ಹಕಾರ ಬಿಟ್ಟುಹೋಗುತ್ತದೋ ಎಂಬ ಭಯಕ್ಕೆ ಬೇಡದ ಕಡೆಯೆಲ್ಲ ಹಾಕುತ್ತಿದ್ದೆ. ಹಾಸನದ ಪೇಂಟರ್ ಒಬ್ಬರ ಬಳಿ ಕೆಲಸ ಕಲಿತು ಹೊಳೆನರಸೀಪುರದಲ್ಲಿ ನಾನೇ ಸ್ವಂತವಾಗಿ ಬರೆದ ಮೊದಲ ದೊಡ್ಡ ಬೋರ್ಡು ಒಂದು ರೈಸ್ ಮಿಲ್ಲಿನದು. ಹಳದಿಯ ಮೇಲೆ ಕೆಂಪು, ಸುತ್ತ ನೀಲಿ ನೆರಳು. 'ಹಕ್ಕಿ ಗಿರಣಿ' ಎಂದು ಬರೆದಿದ್ದೆ. ಮಿಲ್ಲಿನ ಯಜಮಾನರು ಕೆಳಗೆ ನಿಂತು ಬಹಳ ಹೊತ್ತು ನೋಡಿದರು.

"ಏನಯ್ಯಾ, ನಾನಿಲ್ಲಿ ಬತ್ತ ಮಿಲ್ ಮಾಡ್ಲಾ, ಗುಬ್ಬಚ್ಚಿ ಮಿಲ್ ಮಾಡ್ಲಾ?"

ಈ ಕಥೆಯನ್ನು ಹೆಣ್ಣು ನೋಡಲು ಹೋದಾಗ ನಮ್ಮ ಸೋದರಮಾವ ಹೇಳಿಬಿಟ್ಟರು. ಹುಡುಗಿ ರಾಮನಾಥಪುರದ ಕಡೆಯವಳು, ಮನೆಯವರದು ಹೊಗೆಸೊಪ್ಪಿನ ಬೇಸಾಯ. ಆಗಲೇ ಟೀಚರ್ ಕೆಲಸ ಸಿಕ್ಕಿತ್ತು. ಬೋರ್ಡು ಬರೆಯುವವನಿಗೆ ಟೀಚರ್ ಹುಡುಗಿಯನ್ನು ಯಾರು ಕೊಡುತ್ತಾರೆ ಎಂದು ನಾನು ಉಪ್ಪಿಟ್ಟು ತಿಂದು ಏಳುವ ಯೋಚನೆಯಲ್ಲಿದ್ದೆ. ಒಳಗಿನಿಂದ ನಗು ಕೇಳಿಸಿತು. ಮದುವೆಯಾದ ಮೇಲೆ ಅವಳು ಹೇಳಿದ್ದು: "ತಿದ್ದೋಕೆ ಜೀವಮಾನಕ್ಕಾಗೋವಷ್ಟು ಸಿಕ್ತಲ್ಲ ಅಂತ ಒಪ್ಕೊಂಡೆ." ಅವಳಿಗೂ ಹುಟ್ಟಿನಿಂದ ಹಕಾರ ಬರುತ್ತಿರಲಿಲ್ಲ, ಕಷ್ಟಪಟ್ಟು ಕಲಿತಿದ್ದಳು. ತುಂಬಾ ಸಿಟ್ಟು ಬಂದಾಗ ಮಾತ್ರ ಅದು ಉದುರಿಹೋಗುತ್ತಿತ್ತು. "ಎಲ್ಲಿಗ್ರೀ ಓಗಿದ್ರಿ?" ಎಂದು ಕೇಳಿದಳೆಂದರೆ ಆ ದಿನ ನಾನು ಸುಮ್ಮನಿರುವುದೇ ಲೇಸು ಎಂದು ತಿಳಿಯುತ್ತಿತ್ತು. ನಾನು ಅವಳನ್ನು ಕೊನೆಯವರೆಗೂ ಏಮಾ ಎಂದೇ ಕರೆದೆ. ಬೋರ್ಡು, ಪತ್ರಿಕೆ, ಶಾಲೆಯ ಗೋಡೆ ಎಲ್ಲವನ್ನೂ ತಿದ್ದಿದವಳು ಅದೊಂದನ್ನು ತಿದ್ದಲಿಲ್ಲ.

ಇದನ್ನು ಓದುವಾಗ ಎಲ್ಲಾದರೂ ಹಕಾರ ಹೆಚ್ಚು ಕಡಿಮೆ ಕಂಡರೆ ಮನ್ನಿಸಿ. ನೋಡಿಕೊಡುವವಳು ಇಲ್ಲ.

ಅವಳಿಗೆ ನುಗ್ಗೇಹಳ್ಳಿ ಹೋಬಳಿಯ ಈ ಊರಿಗೆ ವರ್ಗವಾದಾಗ ಪಟ್ಟಣದಲ್ಲೇ ಮನೆ ಮಾಡೋಣ ಎಂದೆ. ಶಾಲೆ ಇರುವ ಊರಿನಲ್ಲೇ ಇರಬೇಕು ಎಂದಳು. ಹಾಗಾಗಿ ಬಸ್ಸಿನಲ್ಲಿ ಓಡಾಡುವ ಕೆಲಸ ನನ್ನ ಪಾಲಿಗೆ ಬಂತು. ಇದು ಮಳೆಯನ್ನೇ ನಂಬಿದ ಸೀಮೆ. ತೆಂಗು, ರಾಗಿ, ಹುರುಳಿ. ಶಾಲೆಯ ಬೋರ್‌ವೆಲ್ ಬೇಸಿಗೆಗೆ ಬತ್ತುತ್ತಿತ್ತು. ಒಂದು ದಿನ ಪಾಠದಲ್ಲಿ ನೀರಿನ ಮೂಲಗಳು ಎಂದು ಬಂದಾಗ ಹಿಂದಿನ ಕಟ್ಟೆಯನ್ನು ತೋರಿಸೋಣವೆಂದು ಮಕ್ಕಳನ್ನು ಕರೆದುಕೊಂಡು ಹೋದಳಂತೆ. ಮಕ್ಕಳು ಅದನ್ನು ಆಟದ ಬಯಲು ಎಂದುಕೊಂಡಿದ್ದರು. ಏರಿ ಇದೆ, ತೂಬು ಇದೆ, ನೀರು ನಿಲ್ಲಲು ಗುಂಡಿಯೇ ಇಲ್ಲ, ಅಷ್ಟು ಹೂಳು. ಆ ಸಂಜೆ ಮನೆಗೆ ಬಂದು ಚಪ್ಪಲಿ ಬಿಡುತ್ತಲೇ, "ಪಾಠದಲ್ಲಿ ಒಂದು ತಪ್ಪು ಸಿಕ್ತು ಕಣ್ರೀ" ಎಂದಳು.

ಅವಳು ಕೆಲಸ ಮಾಡುವ ರೀತಿ ನನಗೆ ಎಂದೂ ಅರ್ಥವಾಗಲಿಲ್ಲ. ಕಟ್ಟೆಗೆ ನೀರು ಬರುವ ಕಾಲುವೆ ಬೋರೇಗೌಡರ ಹೊಲದೊಳಗೆ ಸೇರಿಹೋಗಿತ್ತು. ಗೌಡರು ಒಳ್ಳೆಯವರೇ, ಆದರೆ ಭೂಮಿಯ ಮಾತು ಎತ್ತಿದರೆ ಕಿವಿ ಕೇಳಿಸುವುದಿಲ್ಲ. ಹೇಮಾವತಿ ಬೆಳಿಗ್ಗೆ ಅವರ ಮನೆಗೆ ಹೋಗಿ ಕಾಫಿ ಕುಡಿದು ಬಂದಳು. ಮಾರನೆಯ ದಿನವೂ ಹೋದಳು. ಹಸು, ಮೊಮ್ಮಕ್ಕಳು, ಕೊಬ್ಬರಿ, ಎಲ್ಲ ಮಾತಾಡಿದಳು. ಕಾಲುವೆ ಎಂಬ ಶಬ್ದ ಎತ್ತಲಿಲ್ಲ. ನಾಲ್ಕನೆಯ ದಿನ ಗೌಡರೇ ಲೋಟ ಕೆಳಗಿಟ್ಟರಂತೆ.

"ಟೀಚ್ರೇ, ನಾಕ್ ದಿನದಿಂದ ಬತ್ತಿದ್ದೀರಿ. ನೀವ್ ಏನೂ ಕೇಳ್ತಿಲ್ಲ, ನಂಗ್ ನಿದ್ದೆ ಬತ್ತಿಲ್ಲ. ಆ ಕಾಲ್ವೆ ಇಸ್ಯ ತಾನೇ?"

"ನಾನು ಕಾಫಿಗೆ ಬಂದೆ ಗೌಡ್ರೇ."

"ಆಯ್ತು ಬುಡಿ. ಬಾಳೆ ಗೊನೆ ಕಡ್ಕಂಡ್ಮೇಲೆ ಬುಟ್ಕೊಡ್ತೀನಿ. ಇನ್ಮ್ಯಾಕೆ ಕಾಪಿಗೆ ಮಾತ್ರ ಬನ್ನಿ."

ಸೋಮವಾರ ಆರಿಸಿಕೊಂಡದ್ದೂ ಅವಳೇ. ನಮ್ಮ ಸೀಮೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ದಿನ. ಜನ ಮನೆಯಲ್ಲೇ ಸಿಗುತ್ತಾರೆ ಎಂಬುದು ಅವಳ ಲೆಕ್ಕ. ಊರಲ್ಲಿ ಎತ್ತು ಉಳಿದಿದ್ದುದು ಮೂರೋ ನಾಲ್ಕೋ ಮನೆಯಲ್ಲಿ. "ಟ್ಯಾಕ್ಟ್ರಿಗೆ ಯಾವ್ ಸ್ವಾಮಾರ ಟೀಚ್ರಮ್ಮ?" ಎಂದು ಚಿಕ್ಕತಾಯಮ್ಮ ಕೇಳಿದಳು. ಚಿಕ್ಕತಾಯಮ್ಮ ನಮ್ಮ ಎದುರು ಮನೆಯ ಮುದುಕಿ; ಅವಳ ಬಾಯಿಗೆ ಬೀಗವಿಲ್ಲ. "ಟ್ರ್ಯಾಕ್ಟರಿಗೆ ಇಲ್ಲ, ಓಡಿಸೋರಿಗೆ ಬೇಡ್ವಾ?" ಎಂದಳು ಹೇಮಾವತಿ. ಬೆಳಿಗ್ಗೆ ಆರಕ್ಕೆ ಶುರು, ಎಂಟಕ್ಕೆ ಮುಗಿತಾಯ. ಆಮೇಲೆ ಅವಳು ಸ್ನಾನ ಮಾಡಿ ಶಾಲೆಗೆ. ತೋಡಿದ ಗೋಡುಮಣ್ಣು ತೋಡಿದವರ ಹೊಲಕ್ಕೆ. ಗೊಬ್ಬರಕ್ಕಿಂತ ಒಳ್ಳೆಯದು ಎಂದು ಎಲ್ಲರಿಗೂ ಗೊತ್ತಿತ್ತು, ಯಾರಾದರೂ ಮೊದಲು ಗುದ್ದಲಿ ಹಾಕಲಿ ಎಂದು ಕಾಯುತ್ತಿದ್ದರು ಅಷ್ಟೇ.

ಊರ ಬಾಗಿಲಲ್ಲಿ ಹಾಕಲು ಒಂದು ಬೋರ್ಡು ಬರೆದುಕೊಡಿ ಎಂದಳು. 'ಸೋಮವಾರ ಕಟ್ಟೆ ಕೆಲಸ. ಮನೆಗೊಂದು ಆಳು ಬನ್ನಿ.' ಅವಳು ಕಾಗದದಲ್ಲಿ ಬರೆದುಕೊಟ್ಟಿದ್ದನ್ನು ಅಂಗಡಿಯಲ್ಲಿ ಕಳೆದುಕೊಂಡು ನೆನಪಿನಿಂದ ಬರೆದೆ. ಅವಳಿಗೆ ತೋರಿಸದೆ ಭಾನುವಾರ ಸಂಜೆ ನೇರವಾಗಿ ಅರಳಿಕಟ್ಟೆಯ ಕಂಬಕ್ಕೆ ಕಟ್ಟಿಬಂದೆ. ಬೆಳಿಗ್ಗೆ ಅಲ್ಲಿ ಜನ ಸೇರಿದ್ದರು. ಐದನೇ ತರಗತಿಯ ಒಂದು ಹುಡುಗಿ, ಹೇಮಾವತಿ ಕಲಿಸಿದ ಹಾಗೆ ಹೊಟ್ಟೆಯಿಂದ ಉಸಿರು ತೆಗೆದು, ದೊಡ್ಡದಾಗಿ ಓದುತ್ತಿತ್ತು: "ಮನೆಗೊಂದು ಹಾಳು ಬನ್ನಿ."

ಓದಲು ಬರುತ್ತಿದ್ದವರೆಲ್ಲ ನಕ್ಕರು. ಚಿಕ್ಕತಾಯಮ್ಮನಿಗೆ ಏನೆಂದು ತಿಳಿಯಲಿಲ್ಲ. ಅವಳ ಬಾಯಲ್ಲಿ ಆಳೂ ಆಳೇ, ಹಾಳೂ ಆಳೇ. ಪಕ್ಕದವರು ಬಿಡಿಸಿ ಹೇಳಿದ ಮೇಲೆ ಅವಳು ಬೋರ್ಡನ್ನೂ ನನ್ನನ್ನೂ ನೋಡಿ ಹೇಮಾವತಿಯ ಕಡೆ ತಿರುಗಿದಳು.

"ಅದ್ರಾಗ್ ಏನ್ ತೆಪ್ಪದೆ? ಸರಿಯಾಗೇ ಬರ್ದವ್ನೆ. ನಮ್ಮನೇಲಿ ಮೂರವೆ ಕಣವ್ವ, ಗಂಡ, ಮಗ, ಮೈದ್ನ. ಯಾವುದ್ನ ಕಳಿಸ್ಲಿ ಯೋಳು."

ನಾನು ನಾಚಿಕೆಯಿಂದ ಏಣಿ ತರಲು ಹೊರಟೆ. ಹೇಮಾವತಿ ನನ್ನ ತೋಳು ಹಿಡಿದಳು. "ಇರ್ಲಿ ಬಿಡ್ರೀ. ನಗೋಕಾದ್ರೂ ಬಂದವ್ರೆ." ತಿದ್ದದೆ ಇರಲಾರದವಳು ತಿದ್ದದೆ ಬಿಟ್ಟದ್ದು ಅದು ಎರಡನೆಯದು. ಅಂದಿನಿಂದ ಕಟ್ಟೆಗೆ ಹೋಗುವವರಿಗೆಲ್ಲ ಊರಲ್ಲಿ ಅದೇ ಹೆಸರು. "ಎಲ್ಲಿಗ್ಲಾ ಓಯ್ತಿದ್ದೀಯ?" "ಆಳಾಗೋಕೆ." ಮೊದಲ ವರ್ಷ ನೀರು ಸಂಕ್ರಾಂತಿಯ ತನಕ ನಿಂತಿತು, ಮಾರನೆಯ ವರ್ಷ ಶಿವರಾತ್ರಿಗೆ. ಮೂರನೆಯ ವರ್ಷ ಶಾಲೆಯ ಬೋರ್‌ವೆಲ್ ಬೇಸಿಗೆಯಲ್ಲೂ ಬತ್ತಲಿಲ್ಲ. ಮಕ್ಕಳು ಬಾಟಲಿ ಹೊತ್ತು ತರುವುದು ನಿಂತಿತು. ಇದನ್ನೆಲ್ಲ ನಾನು ಯಾವತ್ತೂ ಅವಳೆದುರು ಹೊಗಳಲಿಲ್ಲ. ಹೊಗಳಬಹುದಿತ್ತು. ಕಟ್ಟೆಗೂ ನಾನು ಹೋದದ್ದು ಕಡಿಮೆ. ಅಂಗಡಿ ಇದೆ, ಬಸ್ಸು ಹೋಗುತ್ತದೆ ಎಂದು ಸೋಮವಾರಗಳಲ್ಲಿ ಬೇಗ ಹೊರಟುಬಿಡುತ್ತಿದ್ದೆ. ಮನೆಗೊಂದು ಆಳು ಎಂದು ಊರಿಗೆಲ್ಲ ಬರೆದವನ ಮನೆಯಿಂದ ಹೋಗುತ್ತಿದ್ದವಳು ಅವಳೇ.

ಕಾಯಿಲೆಯ ವಿಷಯ ಬರೆಯಲು ಹೆಚ್ಚಿಲ್ಲ. ಹೊಟ್ಟೆಯಲ್ಲಿ ಗಂಟು ಎಂದರು, ತಡವಾಗಿದೆ ಎಂದರು. ಹಾಸನದ ಆಸ್ಪತ್ರೆಯಲ್ಲಿ ದಸರಾದಿಂದ ಕಾರ್ತೀಕದವರೆಗೆ. ಒಂದು ಮಧ್ಯಾಹ್ನ ವಾರ್ಡಿನ ಬಾಗಿಲಲ್ಲಿ ಆಯಾ ಬಂದು, "ಏಮಾವತಿ ಕಡೆಯೋರ್ ಯಾರ್ರೀ?" ಎಂದು ಕೂಗಿದಳು. ಹೇಮಾವತಿ ಕಣ್ಣು ಮುಚ್ಚಿಕೊಂಡೇ, "ನೋಡಿ, ಇಲ್ಲೂ ನಿಮ್ಮೋರೇ" ಎಂದಳು. ಅದಾದ ಮೇಲೂ ಒಂದೆರಡು ಮಾತು ಆಡಿರಬೇಕು, ನೀರು, ದಿಂಬು, ಹೀಗೆ. ನನಗೆ ನೆನಪಿರುವುದು ಇದೇ.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಪಂಚಾಯ್ತಿ ಮೆಂಬರು ರಂಗಸ್ವಾಮಿ ಬಂದ. ಒಳ್ಳೆಯ ಮನಸ್ಸಿನಿಂದಲೇ ಬಂದ. ಕಟ್ಟೆಗೆ ಟೀಚರ ಹೆಸರಿಡಬೇಕು, ಏರಿಯ ಮೇಲೆ ಫೋಟೋ ಹಾಕಿ ದೊಡ್ಡ ಫ್ಲೆಕ್ಸ್ ನಿಲ್ಲಿಸಬೇಕು ಎಂದ. ಅವಳಿಗೆ ಫ್ಲೆಕ್ಸ್ ಆಗುತ್ತಿರಲಿಲ್ಲ ಎಂದೆ.

"ಸರಿ ಬುಡಣ್ಣ. ತಗಡಲ್ಲಿ ನೀನೇ ಬರ್ದ್ಬುಡು. ಮ್ಯಾಲೆ ದಿವಂಗತ, ಕ್ಯಳಗೆ ಎಸ್ರು, ಅದ್ರ ಕ್ಯಳಗೆ ಸ್ಮಾರಕ ಕಟ್ಟೆ. ಉದ್ಘಾಟ್ನೆಗೆ ಯಾರ್ನ ಕರ್ಸ್ಬೇಕೋ ನಾ ನೋಡ್ಕತೀನಿ."

ತಗಡು ತಂದು ಕೆಂಪು ಬಣ್ಣ ಬಳಿದು, ಒಣಗಿದ ಮೇಲೆ ಬಿಳಿ ಬಳಿದು, ಜಗಲಿಯಲ್ಲಿ ಒರಗಿಸಿದೆ. ದಿವಂಗತ ಎಂದು ನಾನು ಎಷ್ಟು ಜನರಿಗೆ ಬರೆದಿಲ್ಲ? ನಾಲ್ಕೇ ಅಕ್ಷರ, ಎಲ್ಲೂ ಹಕಾರದ ಗೊಡವೆ ಇಲ್ಲ, ಕಣ್ಣು ಮುಚ್ಚಿ ಬರೆಯಬಹುದು. ಬ್ರಶ್ಶು ಹಿಡಿದು ಕೂರುವುದು, ತೊಳೆದು ಇಡುವುದು. ರಂಗಸ್ವಾಮಿ ದಾರಿಯಲ್ಲಿ ಸಿಕ್ಕಾಗಲೆಲ್ಲ "ಆಯ್ತೇನಣ್ಣ?" ಎನ್ನುವನು. "ಇನ್ನೂ ಒಣಗಿಲ್ಲ" ಎನ್ನುವೆ. ಎರಡು ತಿಂಗಳಾದ ಮೇಲೆ, "ಅದ್ಯಾವ್ ಪೇಂಟಣ್ಣ ಅದು?" ಎಂದು ನಕ್ಕು ಹೋದ. ಅವಳ ಹೆಸರಿನ ಹಿಂದೆ ಆ ಪದ ಸೇರಿಸಲು ಕೈ ಬಾರದು ಎಂದಷ್ಟೇ ತಿಳಿದಿದ್ದೆ.

ಲಗ್ನಪತ್ರಿಕೆ ಬಂದ ಸಂಜೆ ಚಿಕ್ಕತಾಯಮ್ಮ ಜಗಲಿಯಲ್ಲಿ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಾ ತಗಡಿನ ಕಡೆ ಗಲ್ಲ ಎತ್ತಿದಳು.

"ಬೋಲ್ಡಪ್ಪ, ಅದೇನ್ ಬರೀಬೇಕು ಅಂತ ಅದೆ?"

ಹೇಳಿದೆ.

"ಬರ್ದು ಏರಿ ಮ್ಯಾಲ್ ನೆಟ್ಬುಡ್ತೀರಾ?"

"ಊಂ."

ಅವಳು ಸುಣ್ಣದ ಡಬ್ಬಿ ಮುಚ್ಚಿದಳು. "ನೆಟ್ ಮ್ಯಾಲೆ ಅದು ಸಮಾದಿ ಆಯ್ತದೆ ಕಣಪ್ಪ. ಊವ ಆಕ್ತಾರೆ, ಕೈ ಮುಗೀತಾರೆ. ಸಮಾದಿನ ಯಾರಾರ ತೋಡ್ತಾರಾ?"

ಅವಳು ಎದ್ದು ಹೋದ ಮೇಲೆ ತಗಡನ್ನು ಒಳಗೆ ಒಯ್ದು ಮಂಚದ ಕೆಳಗೆ ತಳ್ಳಿದೆ. ಮಾರನೆಯ ದಿನ ರಂಗಸ್ವಾಮಿಗೆ ಬರೆಯುವುದಿಲ್ಲ ಎಂದು ಹೇಳಿದೆ. ಅವನಿಗೆ ಬೇಸರವಾಯಿತು. "ನೀನೇ ಇಂಗಂದ್ರೆ ಇನ್ಯಾರಣ್ಣ ಅವ್ರ ಎಸ್ರು ಉಳ್ಸೋರು?" ಎಂದ. ಅವನ ಮಾತೂ ಸುಳ್ಳಲ್ಲ.

ನಾಲ್ಕನೆಯ ಸೋಮವಾರ ನಾನು ಐದೂವರೆಗೆ ಎದ್ದೆ. ಅವಳು ಮನೆ ಮನೆಗೂ ಹೋಗಿ ಕರೆಯುತ್ತಿದ್ದಳು ಎಂದು ಗೊತ್ತು. ಏನೆಂದು ಕರೆಯುತ್ತಿದ್ದಳು ಎಂದು ಗೊತ್ತಿರಲಿಲ್ಲ. ಇಷ್ಟು ವರ್ಷ ಜೊತೆಗಿದ್ದು ಅದೊಂದನ್ನು ಕೇಳಿಕೊಳ್ಳಲಿಲ್ಲ. ಚಿಕ್ಕತಾಯಮ್ಮನ ಬಾಗಿಲಲ್ಲಿ ನಿಂತೆ. ಅವಳು ಅಂಗಳಕ್ಕೆ ನೀರು ಹಾಕುತ್ತಿದ್ದಳು.

"ಯಾಕಪ್ಪ?"

"ಇವತ್ ಸ್ವಾಮಾರ ಕಣವ್ವ" ಎಂದೆ.

"ಊಂ, ಪ್ರತಿ ವಾರನೂ ಬತ್ತದೆ."

ಅವಳು ಬಿಂದಿಗೆ ಇಟ್ಟು ಒಳಗೆ ಹೋಗಿ ಮಣ್ಣು ಹೊರುವ ಮಂಕರಿ ತಂದಳು. ಮುಂದಿನ ಮನೆಗಳಲ್ಲಿ ಅಷ್ಟು ಸುಲಭವಾಗಲಿಲ್ಲ. ಒಂದು ಕಡೆ ನಾಳಿಕೆ ನೋಡಾನ ಎಂದರು. ಒಂದು ಕಡೆ ಬಾಗಿಲೇ ತೆಗೆಯಲಿಲ್ಲ. ಒಬ್ಬ ಹಲ್ಲುಜ್ಜುತ್ತಾ, "ಟೀಚ್ರೇ ಇಲ್ದಮ್ಯಾಕೆ ಇನ್ನೇನಣ್ಣ" ಎಂದು ಉಗುಳಿದ. ಅವನಿಗೂ ದುಃಖವೇ ಇರಬೇಕು. ಬೋರೇಗೌಡರು ಹೆಗಲಿಗೆ ಟವೆಲ್ ಹಾಕಿಕೊಂಡರು. ಕಟ್ಟೆಯಲ್ಲಿ ಎಣಿಸಿದರೆ ನಾನೂ ಸೇರಿ ಆರು ಜನ. ಹಿಂದಿನ ವರ್ಷ ಗುದ್ದಲಿಗೆ ಗುದ್ದಲಿ ತಾಗುವಷ್ಟು ಜನ ಇರುತ್ತಿದ್ದರಂತೆ.

ಕೆಲಸ ಶುರುವಾಯಿತು. ಯಾರೂ ತಮಾಷೆ ಮಾಡಲಿಲ್ಲ. ಗೌಡರು ಅಗೆದರು, ನಾನು ಬಾಂಡ್ಲಿಗೆ ತುಂಬಿದೆ, ಉಳಿದವರು ಹೊತ್ತು ಏರಿಯ ಆಚೆ ಸುರಿದರು. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆಯಿತು. ಬಿಸಿಲು ಏರಿಯಿಂದ ಕೆಳಗಿಳಿದು ನಮ್ಮ ಬೆನ್ನಿಗೆ ಬಂತು. ಎಂಟು ಗಂಟೆ ದಾಟಿರಬೇಕು. ಎಂಟಕ್ಕೆ ಸರಿಯಾಗಿ ಕೈ ಗಡಿಯಾರ ನೋಡಿ, ನಿಲ್ಲಿಸಿ ಎಂದು ಹೇಳುತ್ತಿದ್ದವಳು ಅವಳು ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದ ಐವರೂ ತಲೆ ತಗ್ಗಿಸಿ ಕೆಲಸ ಮಾಡುತ್ತಲೇ ಇದ್ದರು. ಗೋಡೆಯ ಆಚೆ ಶಾಲೆಯ ಗಂಟೆ ಹೊಡೆಯಿತು, ಪ್ರಾರ್ಥನೆ ಶುರುವಾಗಿ ಮುಗಿಯಿತು. ಆಗಲೂ ಯಾರೂ ನಿಲ್ಲಿಸಲಿಲ್ಲ. ಚಿಕ್ಕತಾಯಮ್ಮನ ಉಸಿರು ನನಗೆ ಕೇಳಿಸುವಷ್ಟಾಯಿತು. ಗೌಡರು ಗುದ್ದಲಿ ಎತ್ತುವ ಮುಂಚೆ ಪ್ರತಿ ಸಲ ಒಂದು ಕ್ಷಣ ತಡೆಯುತ್ತಿದ್ದರು. ಎಲ್ಲರೂ ಯಾವುದೋ ಒಂದು ದನಿಗೆ ಕಾಯುತ್ತಿದ್ದಾರೆ ಎಂದು ನನಗೆ ಆಗ ಹೊಳೆಯಿತು. ಅದು ಇನ್ನು ಬರುವುದಿಲ್ಲ ಎಂಬುದು ಆಸ್ಪತ್ರೆಯಲ್ಲಿ, ಸ್ಮಶಾನದಲ್ಲಿ, ಹನ್ನೊಂದನೆಯ ದಿನ ತಿಳಿದಿರಲಿಲ್ಲವೇನೋ. ಆ ಗುಂಡಿಯಲ್ಲಿ ನಿಂತಾಗ ತಿಳಿಯಿತು.

"ಸಾಕು" ಎಂದೆ.

"ಆಂ?" ಎಂದರು ಗೌಡರು.

"ಸಾಕು ಕಣ್ರಪ್ಪ. ಮುಂದಿನ್ ಸ್ವಾಮಾರ ನೋಡಾನ."

ಗುದ್ದಲಿಗಳು ನೆಲಕ್ಕೆ ಬಿದ್ದವು. ಚಿಕ್ಕತಾಯಮ್ಮ ಮಂಕರಿಯನ್ನು ಬೋರಲು ಹಾಕಿ ಅದರ ಮೇಲೆ ಕುಳಿತಳು, ಸೆರಗಿನಿಂದ ಮುಖ ಒರೆಸಿಕೊಂಡಳು.

"ಅದ್ನ ಆವಾಗ್ಲೇ ಅನ್ನಬಾರ್ದಾಗಿತ್ತಾ?" ಎಂದಳು. "ಯಾರಾರ ಅಂತಾರಾ ಅಂತ ಎಷ್ಟೊತ್ ಕಾಯೋದಪ್ಪ."